ಐಲೆಟ್ ಕಸಿ ಸೋತಾಗ: ಸಕ್ಕರೆ ಏರಿದ ದಿನ ನೋಡಿ, ಆಮೇಲೆ ದೋಷ ಹುಡುಕಿ

ಏಪ್ರಿಲ್ ತಿಂಗಳು. ವಿಜಯಪುರದಲ್ಲಿ ಬೆಳಗ್ಗೆ ಹತ್ತಕ್ಕೇ ಹಂಚು ಕಾಯ್ದಂಥ ಬಿಸಿಲು. ಪ್ರಾಣಿಮನೆ ನೋಡಿಕೊಳ್ಳುವ ಕಾಕಾ ಬಾಗಿಲಲ್ಲೇ ನಿಂತು ಹೇಳಿದರು: "ಮೇಡಂ, ನಾಕನೇದ್ದರ ಸಕ್ಕರಿ ಮತ್ತ ಏರೇತ್ರಿ. ಮುನ್ನೂರಾ ಎಂಬತ್ತು." ನಾನು ನೋಟ್‌ಬುಕ್ ತೆಗೆದು ಒಂದೇ ಶಬ್ದ ಬರೆದೆ: ರಿಜೆಕ್ಷನ್. ಅಂದರೆ ಕಸಿಯನ್ನು ದೇಹ ತಿರಸ್ಕರಿಸಿತು ಅಂತ. ಆ ವಾರ ಮುಗಿಯುವಷ್ಟರಲ್ಲಿ ಆರು ಮೌಸ್‌ಗಳ ಹೆಸರಿನ ಮುಂದೆಯೂ ಅದೇ ಶಬ್ದ ಇತ್ತು. ಆರರಲ್ಲಿ ಮೂರು ತಪ್ಪು. ಅದು ಗೊತ್ತಾಗುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳಲ್ಲಿ ಈ ಕೆಲಸಕ್ಕೆ ಕೈ ಹಾಕುವ ತಮ್ಮಂದಿರು, ತಂಗಿಯರು ಅದೇ ತಪ್ಪು ಮಾಡಬಾರದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಒಂದು ಜಾತಿಯ ಪ್ರಾಣಿಯ ಐಲೆಟ್ ತೆಗೆದು ಇನ್ನೊಂದು ಜಾತಿಗೆ ಕಸಿ ಮಾಡಿದಾಗ ಗ್ರಾಫ್ಟ್, ಅಂದರೆ ಕಸಿ ಮಾಡಿದ ಭಾಗ, ಕೆಟ್ಟರೆ, ಎಲ್ಲಿ ಕೆಟ್ಟಿತು ಅಂತ ಹುಡುಕುವುದು ಹೇಗೆ ಅನ್ನೋದಷ್ಟೇ ಇಲ್ಲಿನ ವಿಷಯ. ನಾವು ಮಾಡುವುದು ರ್ಯಾಟ್‌ನಿಂದ ಮೌಸ್‌ಗೆ. ಕನ್ನಡದಲ್ಲಿ ಎರಡೂ ಇಲಿಯೇ. ಗೊಂದಲ ಬೇಡ ಅಂತ ದೊಡ್ಡದನ್ನು ರ್ಯಾಟ್, ಚಿಕ್ಕದನ್ನು ಮೌಸ್ ಎಂದೇ ಕರೆಯುತ್ತೇನೆ. ಹಂದಿ ಐಲೆಟ್ ಬಳಸುವವರಿಗೆ ಬೇರೆಯಾಗುವ ಮಾತನ್ನು ಅಲ್ಲಲ್ಲೇ ಹೇಳುತ್ತೇನೆ.

ಐಲೆಟ್ ಅಂದರೆ ಮೇದೋಜೀರಕ ಗ್ರಂಥಿಯೊಳಗೆ ಚದುರಿರುವ ಕೋಶಗಳ ಸಣ್ಣ ಗುಂಪು. 1869ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಇವನ್ನು ಮೊದಲು ಗುರುತಿಸಿದರು. ಮನುಷ್ಯರಲ್ಲಿ ಸುಮಾರು ಹತ್ತು ಲಕ್ಷ ಐಲೆಟ್ ಇರುತ್ತವೆ. ಅಷ್ಟಿದ್ದರೂ ಗ್ರಂಥಿಯ ತೂಕದಲ್ಲಿ ಅವುಗಳ ಪಾಲು ನೂರಕ್ಕೆ ಒಂದೋ ಎರಡೋ. ಅಳತೆ 50ರಿಂದ 500 ಮೈಕ್ರಾನ್. ಇನ್ಸುಲಿನ್ ಮಾಡುವ ಬೀಟಾ ಕೋಶ ಇರುವುದು ಇದರಲ್ಲೇ. ಟೈಪ್ 1 ಸಕ್ಕರೆ ಕಾಯಿಲೆಯಲ್ಲಿ ದೇಹದ ಕಾವಲು ಪಡೆಯೇ ಈ ಬೀಟಾ ಕೋಶಗಳನ್ನು ಕೊಲ್ಲುತ್ತದೆ.

ಬಾಗಲಕೋಟೆ ಕಡೆಯ ಹಳ್ಳಿಯೊಂದರಲ್ಲಿ ನಮ್ಮ ಸಂಬಂಧಿಕರ ಹುಡುಗಿ ಇದ್ದಾಳೆ. ಮನೆಯಲ್ಲಿ ಫ್ರಿಜ್ ಇಲ್ಲ. ನೀರು ಚಿಮುಕಿಸಿದ ಮಣ್ಣಿನ ಗಡಿಗೆಯಲ್ಲಿ ಅವಳ ಇನ್ಸುಲಿನ್ ಬಾಟಲಿ ಇಡುತ್ತಾರೆ. ದಿನಕ್ಕೆ ನಾಲ್ಕು ಸಲ ಸೂಜಿ. ನನಗೆ ಈ ಕೆಲಸ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ಆ ಗಡಿಗೆ ಕಣ್ಣ ಮುಂದೆ ಬರುತ್ತೆ. ಮನುಷ್ಯರ ಐಲೆಟ್ ಕಸಿ ಇವತ್ತು ಸಾಧ್ಯವಿದೆ. 2000ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಏಳು ರೋಗಿಗಳಿಗೆ ಮಾಡಿ ತೋರಿಸಿದರು. 2023ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಒಂದು ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಆದರೆ ದಾನಿಗಳೇ ಕಡಿಮೆ. ಒಬ್ಬ ರೋಗಿಗೆ ಎರಡು ದಾನಿಗಳು ಬೇಕಾಗುವುದೂ ಉಂಟು. ಅದಕ್ಕೇ ಎಲ್ಲರ ಕಣ್ಣು ಹಂದಿಯ ಮೇಲೆ. ಹಂದಿಯ ಇನ್ಸುಲಿನ್‌ಗೂ ನಮ್ಮದಕ್ಕೂ ಒಂದೇ ಒಂದು ಅಮೈನೋ ಆಮ್ಲದ ಫರಕು. ಇನ್ಸುಲಿನ್‌ಗೆ ದೇಹ ಅಷ್ಟಾಗಿ ಜಗಳ ತೆಗೆಯೋದಿಲ್ಲ. ಅದನ್ನು ಮಾಡುವ ಕೋಶವನ್ನು ಮಾತ್ರ ಒಪ್ಪೋದಿಲ್ಲ.

ಮೊದಲು ಮೀಟರ್ ಮತ್ತು ಮಾದರಿ

ನಮ್ಮ ಕಡೆ ಹಿಂಗಾರಿ ಜೋಳ ಮೊಳೆಯದಿದ್ದರೆ ರೈತ ಸುಮ್ನೆ ಹುಳ ತಿಂತು ಅನ್ನೋದಿಲ್ಲ. ಸಾಲಿನಲ್ಲಿ ಕೂತು ಮಣ್ಣು ಕೆದರುತ್ತಾನೆ. ಬೀಜ ಇದೆಯಾ, ಉಬ್ಬಿದೆಯಾ, ಹಸಿ ಎಷ್ಟು ಆಳದಲ್ಲಿದೆ ಅಂತ ನೋಡುತ್ತಾನೆ. ಇಲ್ಲೂ ಹಾಗೇ. ರಿಜೆಕ್ಷನ್ ಅನ್ನೋದು ಬೇರೆ ಎಲ್ಲ ಕಾರಣ ಕಳೆದ ಮೇಲೆ ಉಳಿಯುವ ಉತ್ತರ.

ಸಕ್ಕರೆ 380 ಬಂದರೆ ಮೊದಲು ಬೇರೆ ಡಬ್ಬಿಯ ಸ್ಟ್ರಿಪ್‌ನಲ್ಲಿ ಇನ್ನೊಮ್ಮೆ ನೋಡಿ. ಬಾಯಿ ತೆರೆದಿಟ್ಟ ಸ್ಟ್ರಿಪ್ ಡಬ್ಬಿ ಬೆಳಗಾವಿಯ ಮಳೆಗಾಲದ ತೇವಕ್ಕೂ ಕೆಡುತ್ತೆ, ವಿಜಯಪುರದ ಬೇಸಿಗೆಗೂ ಕೆಡುತ್ತೆ. ಮೌಸ್ ಹೆದರಿದರೂ ಸಕ್ಕರೆ ಏರುತ್ತದೆ. ದಿನಾ ಒಂದೇ ವೇಳೆಗೆ, ಒಂದೇ ಕೈಯಿಂದ ಅಳೆಯಬೇಕು. ಒಂದು ಸಲ ಬಂದ ಅಂಕಿ ನಂಬಬೇಡಿ. ಎರಡು ದಿನ ಸತತವಾಗಿ 250 ದಾಟಿದರೆ ಗ್ರಾಫ್ಟ್ ಸೋತಿದೆ ಅಂತ ನಾವು ಬರೆಯುತ್ತೇವೆ. ಕೆಲವರು 300 ಇಟ್ಟುಕೊಳ್ಳುತ್ತಾರೆ. ಯಾವುದಾದರೂ ಸರಿ, ಪ್ರಯೋಗ ಶುರುವಾಗುವ ಮೊದಲೇ ಬರೆದಿಡಿ.

ಮಾದರಿಯದ್ದು ಇನ್ನೂ ದೊಡ್ಡ ಮೋಸ. ಮೌಸ್‌ಗೆ ಸಕ್ಕರೆ ಕಾಯಿಲೆ ಬರಿಸಲು ಬೀಟಾ ಕೋಶ ಕೊಲ್ಲುವ ಸ್ಟ್ರೆಪ್ಟೊಜೊಟೊಸಿನ್ ಕೊಡುತ್ತೇವೆ. ಒಂದೇ ದೊಡ್ಡ ಡೋಸ್ ಆದರೆ ಕಿಲೋಗೆ 150ರಿಂದ 200 ಮಿಲಿಗ್ರಾಂ. ಇದನ್ನು ಪಿಎಚ್ 4.5ರ ಸಿಟ್ರೇಟ್ ದ್ರಾವಣದಲ್ಲಿ ಆಗಲೇ ಕಲಸಿ ಕೆಲವೇ ನಿಮಿಷದಲ್ಲಿ ಚುಚ್ಚಬೇಕು. ಕಲಸಿಟ್ಟು ಚಹಾ ಕುಡಿದು ಬಂದರೆ ಅರ್ಧ ಶಕ್ತಿ ಹೋಗಿರುತ್ತದೆ. ಹೆಣ್ಣು ಮೌಸ್ ಗಂಡಿನಷ್ಟು ಬೇಗ ಜಗ್ಗುವುದಿಲ್ಲ. ಡೋಸ್ ಅರೆಬರೆಯಾದರೆ ಮೌಸ್‌ನ ಸ್ವಂತ ಬೀಟಾ ಕೋಶಗಳಲ್ಲಿ ಒಂದಿಷ್ಟು ಉಳಿದು, ನಿಧಾನಕ್ಕೆ ಚೇತರಿಸಿಕೊಳ್ಳುತ್ತವೆ. ಆಗ ಸಕ್ಕರೆ ಇಳಿಯುತ್ತದೆ. ಗ್ರಾಫ್ಟ್ ಗೆದ್ದಿತು ಅಂತ ನಾವು ಖುಷಿಪಡುತ್ತೇವೆ. ಗೆದ್ದದ್ದು ಗ್ರಾಫ್ಟ್ ಅಲ್ಲ.

ರಕ್ತದಲ್ಲಿ ಇನ್ಸುಲಿನ್ ಅಳೆದರೆ ಗೊತ್ತಾಗಲ್ವಾ ಅಂತ ಕೇಳಬಹುದು. ರ್ಯಾಟ್ ಮತ್ತು ಮೌಸ್‌ನ ಇನ್ಸುಲಿನ್ ಅಕ್ಷರಶಃ ಒಂದೇ. ಯಾವ ಕಿಟ್ ತಂದರೂ ಯಾರದ್ದು ಅಂತ ಹೇಳೋದಿಲ್ಲ. ಹಂದಿ ಐಲೆಟ್ ಆದರೆ ಹಂದಿಯ ಸಿ-ಪೆಪ್ಟೈಡ್ ಅನ್ನೇ (ಇನ್ಸುಲಿನ್ ತಯಾರಾಗುವಾಗ ಜೊತೆಗೇ ಹೊರಬೀಳುವ ತುಣುಕು) ಗುರುತಿಸುವ ಕಿಟ್ ಸಿಗುತ್ತದೆ, ಅದು ನಿಜಕ್ಕೂ ದೊಡ್ಡ ಅನುಕೂಲ. ನಮಗಿರುವ ಪಕ್ಕಾ ಪರೀಕ್ಷೆ ಒಂದೇ. ಗ್ರಾಫ್ಟನ್ನು ಒಂದು ಮೂತ್ರಪಿಂಡದ ಪೊರೆ ಕೆಳಗೆ ಇಟ್ಟಿರುತ್ತೇವಲ್ಲ, ಆ ಮೂತ್ರಪಿಂಡವನ್ನೇ ತೆಗೆಯುವುದು. ಇನ್ನೊಂದು ಮೂತ್ರಪಿಂಡದಲ್ಲಿ ಮೌಸ್ ಬದುಕುತ್ತದೆ. ಒಂದೆರಡು ದಿನದಲ್ಲಿ ಸಕ್ಕರೆ ಮತ್ತೆ ಏರಿದರೆ ಅಲ್ಲಿಯವರೆಗೆ ಕೆಲಸ ಮಾಡಿದ್ದು ಗ್ರಾಫ್ಟ್. ಏರದಿದ್ದರೆ ಹಳೆಯ ಗ್ರಂಥಿ. ಈ ಶಸ್ತ್ರಕ್ರಿಯೆಯನ್ನು ಪ್ರಾಣಿ ನೀತಿ ಸಮಿತಿಯ ಅರ್ಜಿಯಲ್ಲಿ ಮೊದಲೇ ಸೇರಿಸಿ. ಆಮೇಲೆ ಕೇಳಿದರೆ ತಿಂಗಳುಗಟ್ಟಲೆ ಕಾಯಬೇಕಾಗುತ್ತೆ.

ಏರಿದ ದಿನ ಏನು ಹೇಳುತ್ತದೆ

ಮೀಟರ್ ಸರಿ, ಮಾದರಿ ಸರಿ. ಈಗ ಚಾರ್ಟ್ ಬಿಡಿಸಿಟ್ಟು ದಿನ ನೋಡಿ.

ಸಕ್ಕರೆ ಇಳಿಯಲೇ ಇಲ್ಲ ಅಂದರೆ, ಅಥವಾ ಮೊದಲ ದಿನ ತೀರಾ ಕೆಳಗೆ ಹೋಗಿ ಎರಡನೇ ಮೂರನೇ ದಿನಕ್ಕೆ ಜಿಗಿದರೆ, ಅದು ಕಾವಲು ಪಡೆಯ ಟಿ ಕೋಶಗಳ ಕೆಲಸ ಅಲ್ಲ. ಅವಕ್ಕೆ ಅಷ್ಟು ಬೇಗ ಸಜ್ಜಾಗಲು ಆಗೋದಿಲ್ಲ. ಆ ಮೊದಲ ದಿನದ ಇಳಿತ ನೋಡಿ ಹಿಗ್ಗಬೇಡಿ. ಸಾಯುವ ಬೀಟಾ ಕೋಶ ತನ್ನೊಳಗಿದ್ದ ಇನ್ಸುಲಿನ್ ಅನ್ನೆಲ್ಲ ಒಮ್ಮೆಲೇ ಚೆಲ್ಲುತ್ತದೆ. ಸಕ್ಕರೆ ಕುಸಿಯುವುದು ಅದರಿಂದ. ಈ ಹೊತ್ತಿನ ದೋಷ ಸಾಮಾನ್ಯವಾಗಿ ಐಲೆಟ್‌ನಲ್ಲೇ ಇರುತ್ತದೆ: ಎಣಿಕೆ ಕಡಿಮೆ, ಅಥವಾ ಗುಣ ಕಡಿಮೆ.

ಗುಣ ಎಲ್ಲಿ ಕೆಡುತ್ತದೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರ್ಯಾಟ್‌ನ ಪಿತ್ತನಾಳದಿಂದ ಕೊಲಾಜಿನೇಸ್ ಎಂಬ ಅಂಗಾಂಶ ಸಡಿಲಿಸುವ ಕಿಣ್ವ ತುಂಬಿ ಗ್ರಂಥಿಯನ್ನು ಉಬ್ಬಿಸುತ್ತೇವೆ. ಆಮೇಲೆ 37 ಡಿಗ್ರಿ ನೀರಿನಲ್ಲಿ ಇಡುತ್ತೇವೆ. 1967ರಲ್ಲಿ ಪಾಲ್ ಲೇಸಿ ಮತ್ತು ಅವರ ಸಹೋದ್ಯೋಗಿ ತೋರಿಸಿದ ದಾರಿಯೇ ಇವತ್ತಿಗೂ ಬೇರು. 1972ರಲ್ಲಿ ಲೇಸಿ ಮತ್ತು ಬ್ಯಾಲಿಂಜರ್ ಹೀಗೆ ತೆಗೆದ ಐಲೆಟ್‌ನಿಂದ ರ್ಯಾಟ್‌ಗಳ ಸಕ್ಕರೆ ಕಾಯಿಲೆ ಇಳಿಸಿದರು. ಕೊಲಾಜಿನೇಸ್‌ನ ಪ್ರತಿ ಹೊಸ ಲಾಟ್‌ಗೂ ಬೇರೆ ಗುಣ. ಹಳೆ ಲಾಟ್‌ಗೆ 15 ನಿಮಿಷ ಸಾಕಾಗಿತ್ತು ಅಂತ ಹೊಸದಕ್ಕೂ ಅಷ್ಟೇ ಇಟ್ಟರೆ ಐಲೆಟ್ ಪುಡಿಯಾಗಬಹುದು. ಕಡಿಮೆ ಇಟ್ಟರೆ ಸುತ್ತಲಿನ ಜೀರ್ಣರಸದ ಅಂಗಾಂಶ ಅಂಟಿಕೊಂಡೇ ಬರುತ್ತದೆ. ವಯಸ್ಸಾದ ಹಂದಿಯ ಐಲೆಟ್ ಇನ್ನೂ ನಾಜೂಕು, ಮುಟ್ಟಿದರೆ ಒಡೆಯುತ್ತೆ. ಬಣ್ಣದ ಪರೀಕ್ಷೆ ಎರಡು ಮಾಡಿ. ಡೈಥಿಜೋನ್ ಹಾಕಿದರೆ ಐಲೆಟ್ ಕೆಂಪಾಗುತ್ತದೆ, ಯಾಕೆಂದರೆ ಇನ್ಸುಲಿನ್ ಜೊತೆ ಸತುವು ಇರುತ್ತೆ. ಅದು ಐಲೆಟ್ ಹೌದೋ ಅಲ್ಲವೋ ಅನ್ನುವುದಕ್ಕೆ ಮಾತ್ರ. ಜೀವಂತ ಇದೆಯೋ ಇಲ್ಲವೋ ಅನ್ನುವುದಕ್ಕೆ ಎಫ್‌ಡಿಎ-ಪಿಐ ಬಣ್ಣ (ಈ ಎಫ್‌ಡಿಎ ಅಮೆರಿಕದ ಸಂಸ್ಥೆಯಲ್ಲ, ಬಣ್ಣದ ಹೆಸರು): ಜೀವಂತ ಕೋಶ ಹಸಿರು, ಸತ್ತದ್ದು ಕೆಂಪು. ಕೆಲಸ ಮಾಡುತ್ತಾ ಅನ್ನುವುದಕ್ಕೆ ಗ್ಲೂಕೋಸ್ ಪರೀಕ್ಷೆ. 2.8 ಮಿಲಿಮೋಲಾರ್‌ನಿಂದ 16.7ಕ್ಕೆ ಏರಿಸಿದಾಗ ಇನ್ಸುಲಿನ್ ಎರಡು ಮೂರು ಪಟ್ಟಾದರೂ ಹೆಚ್ಚಾಗಬೇಕು. ನೋಡಲು ದುಂಡಗೆ, ಚೆಂದ ಇರುವ ಐಲೆಟ್ ಈ ಪರೀಕ್ಷೆಯಲ್ಲಿ ಬಿದ್ದದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಐಲೆಟ್ ಬೇರ್ಪಡಿಸಿದ ಕ್ಷಣದಿಂದ ಅದಕ್ಕೆ ರಕ್ತನಾಳ ಇಲ್ಲ. ಸುತ್ತಲಿನ ದ್ರವದಿಂದ ಒಳಗೆ ಇಳಿದ ಆಮ್ಲಜನಕವೇ ಆಧಾರ. ಟ್ಯೂಬಿನ ತಳದಲ್ಲಿ ಗುಡ್ಡೆಯಾಗಿ ಕೂತರೆ ನಡುವಿನವು ಉಸಿರುಗಟ್ಟುತ್ತವೆ. ದೊಡ್ಡ ಐಲೆಟ್ ಆದರೆ ಅದರ ನಡುಭಾಗವೇ ಮೊದಲು ಕಪ್ಪಾಗುತ್ತದೆ. ಬಿಸಿ ಜಾಸ್ತಿ ಆದಷ್ಟೂ ಕೋಶ ಹೆಚ್ಚು ಆಮ್ಲಜನಕ ಕೇಳುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ನಮ್ಮ ಏಪ್ರಿಲ್ ಕಥೆಗೆ ಬೇಕಾಗುತ್ತದೆ. ಮೂತ್ರಪಿಂಡದ ಪೊರೆ ಕೆಳಗೆ ಇಟ್ಟ ಮೇಲೂ ಹೊಸ ರಕ್ತನಾಳ ಪೂರ್ತಿ ಬೆಳೆಯಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅಲ್ಲಿಯವರೆಗೆ ಅದು ಹಸಿ ಇಲ್ಲದ ನೆಲದಲ್ಲಿ ಬಿದ್ದ ಬೀಜವೇ.

ಹಂದಿ ಐಲೆಟ್ ಅನ್ನು ರಕ್ತದೊಳಗೇ, ಅಂದರೆ ಯಕೃತ್ತಿಗೆ ಹೋಗುವ ಪೋರ್ಟಲ್ ರಕ್ತನಾಳಕ್ಕೆ ಬಿಟ್ಟರೆ ಮೊದಲ ತಾಸುಗಳಲ್ಲೇ ಇನ್ನೊಂದು ಪೆಟ್ಟು ಬೀಳುತ್ತದೆ. ಐಲೆಟ್ ಮೇಲಿನ ಟಿಶ್ಯೂ ಫ್ಯಾಕ್ಟರ್ ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. ಪ್ಲೇಟ್‌ಲೆಟ್ ಅಂಟುತ್ತವೆ, ಕಾಂಪ್ಲಿಮೆಂಟ್ ಎಂಬ ರಕ್ತದ ಕಾವಲು ಪ್ರೋಟೀನ್‌ಗಳ ಗುಂಪು ಕೆರಳುತ್ತದೆ, ಬಿಳಿ ಕಣ ನುಗ್ಗುತ್ತವೆ. ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರು 1999ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಕೊಟ್ಟ ಐಲೆಟ್‌ನಲ್ಲಿ ದೊಡ್ಡ ಪಾಲು ಇಲ್ಲೇ ಮುಗಿಯಬಹುದು. ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡುವುದು ಇದಕ್ಕಾಗಿಯೇ. ಪೊರೆ ಕೆಳಗೆ ಇಡುವ ನಮಗೆ ಈ ತೊಂದರೆ ಕಡಿಮೆ, ಆದರೆ ಪೊರೆಯೊಳಗೆ ರಕ್ತ ಸೋರಿದರೆ ಅಲ್ಲೂ ಗ್ರಾಫ್ಟ್ ಹಾಳು.

ಇನ್ನು ಎಳೆಯ ಹಂದಿಮರಿಯ ಐಲೆಟ್ ಹಾಕಿದವರಿಗೆ ಒಂದು ಮಾತು. ದಯವಿಟ್ಟು ಅವಸರ ಮಾಡಬೇಡಿ. ಆ ಕೋಶಗಳು ಇನ್ನೂ ಬಲಿತಿರುವುದಿಲ್ಲ. ಕಾವಲು ಪಡೆಯೇ ಇಲ್ಲದ ಮೌಸ್‌ನಲ್ಲೂ ಸಕ್ಕರೆ ಇಳಿಯಲು ಎಷ್ಟೋ ವಾರ ಹಿಡಿಯುತ್ತದೆ. ಹತ್ತನೇ ದಿನ ಇಳಿದಿಲ್ಲ ಅಂತ ಸೋಲು ಬರೆದರೆ, ಮೊಳಕೆ ಬರುವ ಮೊದಲೇ ಹೊಲ ಹರಗಿದ ಹಾಗೆ.

ಸಕ್ಕರೆ ಚೆನ್ನಾಗಿ ಇಳಿದು, ಕೆಲವು ದಿನ ಸ್ಥಿರವಾಗಿದ್ದು, ಒಂದರಿಂದ ಮೂರು ವಾರದೊಳಗೆ ಧಡಕ್ಕನೆ ಏರಿದರೆ, ಆಗ ರಿಜೆಕ್ಷನ್ ಅನ್ನುವ ಅನುಮಾನಕ್ಕೆ ಬಲ ಬರುತ್ತದೆ. ರಿಜೆಕ್ಷನ್ ತಡೆಯುವ ಔಷಧ ಕೊಡದ ಮೌಸ್‌ನಲ್ಲಿ ರ್ಯಾಟ್ ಐಲೆಟ್ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಹೋಗುತ್ತದೆ. ತಿಂಗಳುಗಟ್ಟಲೆ ನಡೆದು ನಿಧಾನಕ್ಕೆ ಏರುತ್ತಾ ಬಂದರೆ ಐಲೆಟ್ ಎಣಿಕೆ ಅಂಚಿನಲ್ಲಿತ್ತೇ, ಔಷಧದ ವಿಷವೇ ಅಂತ ನೋಡಿ. ರಿಜೆಕ್ಷನ್ ತಡೆಯಲು ಕೊಡುವ ಟ್ಯಾಕ್ರೋಲಿಮಸ್ ಬೀಟಾ ಕೋಶಕ್ಕೇ ಪೆಟ್ಟು ಕೊಡುತ್ತೆ. ಸ್ಟಿರಾಯ್ಡ್ ಸಕ್ಕರೆ ಏರಿಸುತ್ತೆ. ಎಡ್ಮಂಟನ್‌ನವರು ಸ್ಟಿರಾಯ್ಡ್ ಬಿಟ್ಟದ್ದು ಸುಮ್ನೆ ಅಲ್ಲ.

ರಿಜೆಕ್ಷನ್ ಹೌದೋ ಅಂತ ಖಚಿತ ಮಾಡುವುದು

ಇಲ್ಲಿ ಎರಡು ಕಂಟ್ರೋಲ್, ಅಂದರೆ ಹೋಲಿಸಿ ನೋಡುವ ಕಸಿ, ಇಲ್ಲದೆ ಯಾರೂ ಬಾಯಿ ತೆರೆಯಬಾರದು ಅನ್ನೋದು ನನ್ನ ಅಭಿಪ್ರಾಯ. ಒಂದು, ಅದೇ ತಳಿಯ ಮೌಸ್‌ನ ಐಲೆಟ್ ಅನ್ನು ಅದೇ ತಳಿಯ ಮೌಸ್‌ಗೆ ಹಾಕುವುದು. ಅಲ್ಲಿ ಜಗಳಕ್ಕೆ ಕಾರಣವೇ ಇಲ್ಲ. ಅದೂ ಸೋತರೆ ದೋಷ ನಿಮ್ಮ ಕೈಯಲ್ಲಿದೆ, ಶಸ್ತ್ರಕ್ರಿಯೆಯಲ್ಲಿದೆ. ಎರಡು, ಅದೇ ದಿನದ, ಅದೇ ಬ್ಯಾಚಿನ ರ್ಯಾಟ್ ಐಲೆಟ್ ಅನ್ನು ನ್ಯೂಡ್ ಮೌಸ್‌ಗೆ ಹಾಕುವುದು. ನ್ಯೂಡ್ ಮೌಸ್‌ಗೆ ಥೈಮಸ್ ಇಲ್ಲ, ಹಾಗಾಗಿ ಟಿ ಕೋಶಗಳ ಬಲ ಇಲ್ಲ. ಅದರಲ್ಲಿ ಗ್ರಾಫ್ಟ್ ಉಳಿದು ಸಾಮಾನ್ಯ ಮೌಸ್‌ನಲ್ಲಿ ಸತ್ತರೆ, ಐಲೆಟ್ ಒಳ್ಳೆಯದಿತ್ತು, ಕೊಂದದ್ದು ಟಿ ಕೋಶ. ಎರಡರಲ್ಲೂ ಸತ್ತರೆ ಮತ್ತೆ ಐಲೆಟ್ ಕಡೆಗೇ ಹೋಗಿ.

ಎನ್‌ಒಡಿ ತಳಿ ಬಳಸುವವರಿಗೆ ಇನ್ನೊಂದು ಗಂಟು. ಆ ಮೌಸ್‌ಗೆ ಸಕ್ಕರೆ ಕಾಯಿಲೆ ತಾನಾಗಿಯೇ ಬರುತ್ತದೆ, ಮನುಷ್ಯರ ಟೈಪ್ 1 ಹಾಗೆ. ಅದು ತನ್ನದೇ ತಳಿಯ ಐಲೆಟ್ ಅನ್ನೂ ಕೊಲ್ಲುತ್ತದೆ. ಹಳೆಯ ಕಾಯಿಲೆ ಮರಳಿತೋ, ಹೊಸ ಐಲೆಟ್ ತಿರಸ್ಕಾರವಾಯಿತೋ ಅಂತ ಬೇರೆ ಮಾಡಲು ಆಗೋದಿಲ್ಲ. ಮೊದಲ ಸಲ ಕಲಿಯುವವರು ಇದರಿಂದ ದೂರ ಇರಿ.

ಆಮೇಲೆ ಅಂಗಾಂಶ. ಗ್ರಾಫ್ಟ್ ಇರುವ ಮೂತ್ರಪಿಂಡವನ್ನು ಸಕ್ಕರೆ ಏರಿದ ಮರುದಿನವೇ ತೆಗೆಯಿರಿ. ವಾರ ಬಿಟ್ಟರೆ ಬರೀ ಗಾಯದ ಕಲೆ ಉಳಿದಿರುತ್ತದೆ, ಯಾರು ಕೊಂದರು ಅಂತ ಹೇಳಲು ಸಾಕ್ಷಿ ಇರೋದಿಲ್ಲ. ಅದನ್ನು ಎರಡು ತುಂಡು ಮಾಡಿ. ಒಂದು ಫಾರ್ಮಲಿನ್‌ಗೆ, ಇನ್ನೊಂದು ತಕ್ಷಣ ಫ್ರೀಜ್ ಮಾಡಲು. ಮೌಸ್‌ನ ಸಿಡಿ4, ಸಿಡಿ8 (ಟಿ ಕೋಶಗಳ ಎರಡು ಬಗೆ) ಗುರುತಿಸುವ ಹಳೆಯ ಪ್ರತಿಕಾಯಗಳಲ್ಲಿ ಹಲವು ಫಾರ್ಮಲಿನ್ ತುಂಡಿನಿಂದ ಮಾಡುವ ಮೇಣದ ಬ್ಲಾಕ್‌ನಲ್ಲಿ ಕೆಲಸ ಮಾಡುವುದಿಲ್ಲ, ಫ್ರೀಜ್ ಮಾಡಿದ ಸೆಕ್ಷನ್ನೇ ಬೇಕು. ನಾನು ಮೊದಲ ವರ್ಷ ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿ, ಐದು ತಾಸು ಬಸ್ಸಿನಲ್ಲಿ ಕೂತು ಬೆಳಗಾವಿಗೆ ಒಯ್ದೆ. ಅಲ್ಲಿ ಪೆಥಾಲಜಿಯ ಅಕ್ಕ ಸ್ಲೈಡ್ ನೋಡಿ, "ಬಣ್ಣ ಹತ್ತಂಗಿಲ್ಲವಾ ಇದಕ್ಕ" ಅಂದಾಗ ಕಣ್ಣಲ್ಲಿ ನೀರು ಬಂತು.

ಸ್ಲೈಡ್‌ನಲ್ಲಿ ಏನು ನೋಡಬೇಕು? ಐಲೆಟ್ ಸತ್ತಿದೆ, ಸುತ್ತ ಬಿಳಿ ಕಣ ತೀರಾ ಕಡಿಮೆ: ಅದು ಉಸಿರುಗಟ್ಟಿ ಸತ್ತದ್ದು, ರಿಜೆಕ್ಷನ್ ಅಲ್ಲ. ಅಂಚಿನಲ್ಲೂ ಒಳಗೂ ಬಿಳಿ ಕಣ ತುಂಬಿಕೊಂಡು, ಇನ್ಸುಲಿನ್ ಬಣ್ಣ ಅಲ್ಲಲ್ಲಿ ಮಾತ್ರ ಉಳಿದಿದೆ: ಅದು ರಿಜೆಕ್ಷನ್. ಆ ಕಣಗಳಲ್ಲಿ ಸಿಡಿ4 ಟಿ ಕೋಶ ಮತ್ತು ಮ್ಯಾಕ್ರೋಫೇಜ್ (ನುಂಗುವ ಬಿಳಿ ಕಣ) ಜಾಸ್ತಿ ಇದ್ದರೆ ಬೇರೆ ಜಾತಿಯ ಕಸಿಗೆ ಅದು ತಕ್ಕ ಚಿತ್ರ. ಮೌಸ್‌ನಲ್ಲಿ ಸಿಡಿ4 ಕೋಶ ತೆಗೆದುಬಿಟ್ಟರೆ ಇಂಥ ಗ್ರಾಫ್ಟ್ ಬಹಳ ಕಾಲ ಉಳಿಯುತ್ತದೆ, ಸಿಡಿ8 ತೆಗೆದರೆ ಅಷ್ಟು ಲಾಭವಿಲ್ಲ. ಮೌಸ್‌ನ ಐಜಿಜಿ ಪ್ರತಿಕಾಯ, ಕಾಂಪ್ಲಿಮೆಂಟ್‌ನ ಸಿ3 ಐಲೆಟ್ ಮೇಲೆ ಕೂತಿದ್ದರೆ ಪ್ರತಿಕಾಯದ ಕೈವಾಡವೂ ಇದೆ.

ಪ್ರತಿಕಾಯದ ವಿಷಯದಲ್ಲಿ ಹಂದಿ ಐಲೆಟ್‌ನವರು ಒಂದು ಬಲೆಗೆ ಬೀಳುತ್ತಾರೆ. ಹಂದಿ ಕೋಶದ ಮೇಲೆ ಆಲ್ಫಾ-ಗ್ಯಾಲ್ ಎಂಬ ಸಕ್ಕರೆಯ ಗುರುತು ಇರುತ್ತದೆ. ಮನುಷ್ಯರಿಗೆ ಅದಿಲ್ಲ. ಅದಕ್ಕೇ ನಮ್ಮ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯ ಹುಟ್ಟಿದಾಗಿನಿಂದ ಬೆಳೆದಿರುತ್ತದೆ. ಆದರೆ ಮೌಸ್‌ಗೆ ಆ ಗುರುತು ಇದೆ! ಅದಕ್ಕೆ ಗ್ಯಾಲ್ ಪರಕೀಯ ಅಲ್ಲ. ಸಾಮಾನ್ಯ ಮೌಸ್‌ನಲ್ಲಿ ಹಂದಿ ಐಲೆಟ್ ಗೆದ್ದರೂ ಆ ಪರೀಕ್ಷೆ ನಡೆದೇ ಇರುವುದಿಲ್ಲ. ಗ್ಯಾಲ್ ಜೀನ್ ತೆಗೆದ ಮೌಸ್ ಬೇಕು, ಇಲ್ಲವೇ ಕೋತಿ. ಆ ಜೀನ್ ತೆಗೆದ ಹಂದಿಗಳು 2002ರ ಹೊತ್ತಿಗೆ ಬಂದವು. ಇನ್ನೊಂದು ಮಾತು: ಮೂತ್ರಪಿಂಡ, ಹೃದಯದಲ್ಲಿ ನಿಮಿಷಗಳಲ್ಲೇ ಆಗುವ ಅತಿ ವೇಗದ ರಿಜೆಕ್ಷನ್ ಅನ್ನು ಐಲೆಟ್‌ನಲ್ಲಿ ಅದೇ ರೂಪದಲ್ಲಿ ಹುಡುಕಬೇಡಿ. ಅಲ್ಲಿ ಪ್ರತಿಕಾಯ ಹೊಡೆಯುವುದು ದಾನಿಯ ರಕ್ತನಾಳದ ಒಳಪದರಕ್ಕೆ. ಐಲೆಟ್‌ಗೆ ಆಮೇಲೆ ಬೆಳೆಯುವ ನಾಳ ಬಹುಪಾಲು ಪಡೆದವರದ್ದೇ.

ಬೇರೆ ಜಾತಿಯ ಕಸಿಯನ್ನು ಮನುಷ್ಯರಲ್ಲಿ ಮಾಡಿ ನೋಡಿದ್ದು ಹೊಸದೇನಲ್ಲ. 1893ರ ಡಿಸೆಂಬರ್‌ನಲ್ಲಿ ಬ್ರಿಸ್ಟಲ್‌ನಲ್ಲಿ ವ್ಯಾಟ್ಸನ್ ವಿಲಿಯಮ್ಸ್ ಎಂಬ ವೈದ್ಯರು ಸಕ್ಕರೆ ಕಾಯಿಲೆಯ 15 ವರ್ಷದ ಹುಡುಗನ ಚರ್ಮದ ಕೆಳಗೆ ಕುರಿಯ ಗ್ರಂಥಿಯ ತುಂಡು ಇಟ್ಟರು. ಮೂರು ದಿನಕ್ಕೆ ಹುಡುಗ ತೀರಿಕೊಂಡ. ಇನ್ಸುಲಿನ್ ಬರಲು ಇನ್ನೂ 28 ವರ್ಷ ಇತ್ತು. 1994ರಲ್ಲಿ ಸ್ವೀಡನ್ನಿನವರು ಹಂದಿ ಭ್ರೂಣದ ಐಲೆಟ್ ಅನ್ನು ಹತ್ತು ರೋಗಿಗಳಿಗೆ ಕೊಟ್ಟದ್ದನ್ನು ಪ್ರಕಟಿಸಿದರು. ನಾಲ್ವರ ಮೂತ್ರದಲ್ಲಿ ಹಂದಿಯ ಸಿ-ಪೆಪ್ಟೈಡ್ 200ರಿಂದ 400 ದಿನ ಕಂಡಿತು. ಸಕ್ಕರೆ ಹತೋಟಿಗೆ ಅದು ಸಾಲಲಿಲ್ಲ. ಆದರೆ ಹಂದಿಯ ಕೋಶ ಮನುಷ್ಯನೊಳಗೆ ಬದುಕಬಲ್ಲದು ಅಂತ ಗೊತ್ತಾಯಿತು.

ಕ್ಯಾಪ್ಸೂಲ್ ಬಳಸಿದ್ದರೆ

ಐಲೆಟ್ ಅನ್ನು ಆಲ್ಜಿನೇಟ್ (ಕಡಲಪಾಚಿಯಿಂದ ತೆಗೆದ ಜೆಲ್) ಮುತ್ತಿನೊಳಗೆ ಇಡುವ ದಾರಿ 1980ರಲ್ಲಿ ಲಿಮ್ ಮತ್ತು ಸನ್ ತೋರಿಸಿದ್ದು. ಸಕ್ಕರೆ, ಇನ್ಸುಲಿನ್ ದಾಟುತ್ತವೆ. ಬಿಳಿ ಕಣ ದಾಟೋದಿಲ್ಲ. ಇಲ್ಲಿ ದೋಷ ಹುಡುಕುವುದು ಸುಲಭ, ಕಣ್ಣಿಗೇ ಕಾಣುತ್ತದೆ. ಹೊಟ್ಟೆಯೊಳಗೆ ಸಲೈನ್ ಹಾಕಿ ತೊಳೆದು ಕ್ಯಾಪ್ಸೂಲ್ ಹೊರತೆಗೆಯಿರಿ. ಸ್ವಚ್ಛವಾಗಿ ತೇಲುತ್ತಿದ್ದು ಒಳಗಿನ ಐಲೆಟ್ ನಡುವೆ ಕಪ್ಪಾಗಿದ್ದರೆ ಆಮ್ಲಜನಕದ ಕೊರತೆ, ಮುತ್ತು ದೊಡ್ಡದಾಗಿದೆ. ಮೇಲೆಲ್ಲ ಬಿಳಿ ನಾರು ಬೆಳೆದು ಕರುಳಿಗೆ ಅಂಟಿದ್ದರೆ ದೇಹ ಕ್ಯಾಪ್ಸೂಲನ್ನೇ ಪರಕೀಯ ಅಂತ ಸುತ್ತಿಕೊಂಡಿದೆ. ಆಗ ಖಾಲಿ ಕ್ಯಾಪ್ಸೂಲ್ ಹಾಕಿದ ಮೌಸ್ ನೋಡಿ. ಖಾಲಿಯದ್ದಕ್ಕೂ ನಾರು ಬೆಳೆದಿದ್ದರೆ ತಪ್ಪು ಆಲ್ಜಿನೇಟ್‌ನದ್ದು, ಅದರಲ್ಲಿನ ಬ್ಯಾಕ್ಟೀರಿಯಾ ವಿಷ ಎಂಡೋಟಾಕ್ಸಿನ್‌ನದ್ದಿರಬಹುದು. ಐಲೆಟ್ ಇದ್ದದ್ದಕ್ಕೆ ಮಾತ್ರ ಬೆಳೆದಿದ್ದರೆ ಒಳಗಿನಿಂದ ಸೋರುವ ಪ್ರೋಟೀನ್ ಕಾವಲು ಪಡೆಯನ್ನು ಕರೆಯುತ್ತಿದೆ.

ಏಪ್ರಿಲ್‌ನ ಆರು ಮೌಸ್

ಈಗ ನಮ್ಮ ಕಥೆಗೆ ಬರುತ್ತೇನೆ. ಆರು ಮೌಸ್‌ಗಳಲ್ಲಿ ಒಂದು, ಎರಡು, ನಾಲ್ಕನೇದು 90ರಿಂದ 150ಕ್ಕೆ ಇಳಿದು, 11ರಿಂದ 13ನೇ ದಿನದ ನಡುವೆ ಏರಿದವು. ಮೂರು, ಐದು, ಆರನೇದು ನಿಜವಾಗಿ ಇಳಿದೇ ಇರಲಿಲ್ಲ. ಮೊದಲ ದಿನ ಒಂದಿಷ್ಟು ಕೆಳಗೆ ಹೋಗಿದ್ದವು, ಅಷ್ಟೆ. ಚಾರ್ಟ್ ನನ್ನ ಕೈಯಲ್ಲೇ ಇತ್ತು. ನಾನು ಕೊನೆಯ ಅಂಕಿ ನೋಡಿದೆ, ದಿನ ನೋಡಲಿಲ್ಲ.

ಸ್ಲೈಡ್ ಬಂದಾಗ ಮೊದಲ ಮೂರರಲ್ಲಿ ಬಿಳಿ ಕಣ ಗಿಜಿಗುಡುತ್ತಿದ್ದವು. ಉಳಿದ ಮೂರರಲ್ಲಿ ಸತ್ತ ಐಲೆಟ್, ಸುತ್ತ ಹೆಚ್ಚೇನೂ ಇಲ್ಲ. ಆದರೆ ನ್ಯೂಡ್ ಮೌಸ್‌ನಲ್ಲಿ ಅದೇ ಬ್ಯಾಚ್ ಚೆನ್ನಾಗಿ ಉಳಿದಿತ್ತಲ್ಲ? ಇದೇ ನನ್ನನ್ನು ಬಹಳ ದಿನ ಕಾಡಿತು. ಐಲೆಟ್ ಒಳ್ಳೆಯದು ಅಂತ ಕಂಟ್ರೋಲ್ ಹೇಳುತ್ತಿತ್ತು. ಸ್ಲೈಡ್ ಅಲ್ಲ ಅನ್ನುತ್ತಿತ್ತು.

ಉತ್ತರ ಕೊಟ್ಟವರು ಕಾಕಾ. "ಅವತ್ತ ಮಧ್ಯಾಹ್ನ ಕರೆಂಟ್ ಹೋಗಿತ್ತಲ್ರೀ ಮೇಡಂ. ಎಸಿ ಬಂದ್ ಆಗಿತ್ತು. ಟ್ಯೂಬು ಟೇಬಲ್ ಮ್ಯಾಲೇ ಇದ್ವು." ಶಸ್ತ್ರಕ್ರಿಯೆಯ ಪುಸ್ತಕ ತೆಗೆದು ನೋಡಿದೆ. ನ್ಯೂಡ್ ಮೌಸ್‌ಗೆ ಎಲ್ಲಕ್ಕಿಂತ ಮೊದಲು ಹಾಕಿದ್ದೆವು, ಬೆಳಗ್ಗೆ. ಆಮೇಲೆ ಒಂದು, ನಾಲ್ಕು, ಎರಡು. ಊಟದ ನಂತರ ಮೂರು, ಐದು, ಆರು. ಹೊರಗೆ 41 ಡಿಗ್ರಿ. ಕೋಣೆಯೊಳಗೆ ಎಷ್ಟಿತ್ತೋ ಯಾರೂ ಬರೆದಿರಲಿಲ್ಲ. ಎರಡು ತಾಸಿಗೂ ಹೆಚ್ಚು ಹೊತ್ತು ಐಲೆಟ್ ಟ್ಯೂಬಿನ ತಳದಲ್ಲಿ, ಬಿಸಿಯಲ್ಲಿ, ಗುಡ್ಡೆಯಾಗಿ ಕೂತಿದ್ದವು. ಬೆಳಗಿನ ಐಲೆಟ್‌ಗೆ ಕಂಟ್ರೋಲ್ ಇತ್ತು. ಮಧ್ಯಾಹ್ನದ ಐಲೆಟ್‌ಗೆ ಇರಲಿಲ್ಲ.

ಜೂನ್‌ನಲ್ಲಿ ಮತ್ತೆ ಮಾಡಿದೆವು. ಈ ಸಲ ಎರಡು ನ್ಯೂಡ್ ಮೌಸ್, ಒಂದನ್ನು ಎಲ್ಲಕ್ಕಿಂತ ಮೊದಲು, ಇನ್ನೊಂದನ್ನು ಎಲ್ಲಕ್ಕಿಂತ ಕೊನೆಗೆ. ಐಲೆಟ್ ಅನ್ನು ಟ್ಯೂಬ್ ಬದಲು ಅಗಲ ತಟ್ಟೆಯಲ್ಲಿ ತೆಳುವಾಗಿ ಹರಡಿ, ಕರೆಂಟ್ ಹೋದರೂ ನಡೆಯುವ ಇನ್‌ವರ್ಟರ್‌ಗೆ ಹಚ್ಚಿದ ಇನ್‌ಕ್ಯುಬೇಟರ್‌ನಲ್ಲಿ ಇಟ್ಟೆವು. ಹಾಕುವ ಐದು ನಿಮಿಷ ಮೊದಲು ಮಾತ್ರ ಹೊರಗೆ. ಪುಸ್ತಕದಲ್ಲಿ ಮೂರು ಹೊಸ ಕಾಲಂ ಎಳೆದಿದ್ದೇನೆ: ಸರದಿ ನಂಬರ್, ತಟ್ಟೆ ಹೊರಗೆ ಬಂದ ವೇಳೆ, ಕೋಣೆಯ ಉಷ್ಣತೆ. ಮೂರನೇ ಕಾಲಂ ತುಂಬುವುದು ಕಾಕಾ.